ತುಂಬದ ಟ್ಯಾಂಕಿಗೆ ಒಂದು ಬಾಟಲಿ

ನನ್ನ ಗ್ಯಾರೇಜಿಗೆ ಬರುವ ಬಹಳ ಜನ ಈಗ ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿರುತ್ತಾರೆ. ಗಾಡಿ ನಿಲ್ಲಿಸಿ, ಇಳಿದು, ಚಹಾ ಬರುವ ಮುಂಚೆಯೇ ಕೇಳಿಬಿಡುತ್ತಾರೆ.

"ಅಕ್ಕಾರ, ಟಾಕಿಗೆ ಒಂದ್ ಬಾಟ್ಲಿ ಔಷಧ ಹಾಕಿದ್ರ ಎಂಜಿನ್ ಒಳಗಿನ ಕಾರ್ಬನ್ ಎಲ್ಲಾ ಕಿತ್ಕೊಂಡು ಹೋಗ್ತೈತಂತಲ್ರಿ. ಖರೇ ಏನ್ರಿ?"

ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಮುಗಿಸುವ ಮಿಸ್ತ್ರಿಯನ್ನು ನಂಬಬೇಡಿ ಎನ್ನುತ್ತೇನೆ. ಒಳ್ಳೆಯ ಬಾಟಲಿ ಅಳತೆ ಮೀರದಿದ್ದರೆ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಹೊಸ ನಮೂನೆಯ ಕೆಲವು ಎಂಜಿನ್ನುಗಳಲ್ಲಿ ಪೆಟ್ರೋಲು ವಾಲ್ವನ್ನು ತೊಳೆಯುತ್ತ ಹೋಗುವುದೇ ಇಲ್ಲ, ಅಲ್ಲಿಗೆ ಟ್ಯಾಂಕಿನ ಔಷಧ ಮುಟ್ಟುವುದಿಲ್ಲ. ಹಳೆಯ ಗಾಡಿಯಾದರೆ ಮೊದಲು ಟ್ಯಾಂಕಿನ ತಳ ನೋಡಬೇಕು. ಇಷ್ಟು ಹೇಳಿ ನಾನೊಂದು ಪ್ರಶ್ನೆ ಕೇಳುತ್ತೇನೆ: ಟ್ಯಾಂಕಿನಲ್ಲಿ ಈಗ ಪೆಟ್ರೋಲು ಎಷ್ಟಿದೆ? ಬಾಟಲಿಯ ಮಾತಾಡಿದರೆ ಇವಳು ಪೆಟ್ರೋಲಿನ ಮಾತಾಡುತ್ತಾಳಲ್ಲ ಎಂದು ಬಂದವರು ನಗುತ್ತಾರೆ. ನಗಲಿ. ಕಂಪನಿಯವರು ಕೊಟ್ಟ ತರಬೇತಿಗೂ ಹೋಗಿ ಬಂದಿದ್ದೇನೆ, ಸರ್ಟಿಫಿಕೇಟು ಗೋಡೆಯ ಮೇಲಿದೆ. ಆದರೆ ಈ ಪ್ರಶ್ನೆಯನ್ನು ಹಿರೇಕೆರೂರಿನ ನಮ್ಮ ಹಳೆಯ ಮನೆಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ದೊಡ್ಡದೊಂದು ತಪ್ಪು ಮಾಡಿ ಕಲಿತೆ.

ಆ ಮನೆಯ ಮುಂದಿನ ಅರ್ಧ ಗ್ಯಾರೇಜು, ಹಿಂದಿನ ಅರ್ಧ ಮನೆ. ಹಾವೇರಿ ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು, ಅದರ ಬೆನ್ನಿಗೆ ಹೆಂಚಿನ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡಿಗೆಮನೆ, ಹಿತ್ತಲಿನಲ್ಲಿ ಬಚ್ಚಲು. ಶೆಡ್ಡಿಗೂ ಪಡಸಾಲೆಗೂ ನಡುವೆ ಒಂದು ಹೊಸ್ತಿಲು. ಆ ಹೊಸ್ತಿಲಿಗೆ ಇದ್ದಷ್ಟು ಕಾಯಿದೆ ತಾಲೂಕು ಕಚೇರಿಗೂ ಇದ್ದಿರಲಿಕ್ಕಿಲ್ಲ. ಕಾಯಿದೆ ಮಾಡಿದವಳು ಆಯಿ, ಎಂದರೆ ಅಪ್ಪನ ತಾಯಿ. ಕೆಲಸದ ಅರಿವೆ ತೊಟ್ಟವರು ಅದನ್ನು ದಾಟಬಾರದು. ನಟ್ಟು ಬಿಚ್ಚುವ ಪಾನಾ, ಪಕ್ಕಡು ದಾಟಬಾರದು. ಗಿರಾಕಿಗಳು ನೀರು ಕೇಳಿದರೆ ತಂಬಿಗೆ ಹೊರಗೆ ಹೋಗಬೇಕೇ ಹೊರತು ಗಿರಾಕಿ ಒಳಗೆ ಬರಬಾರದು. ಹೀಗಾಗಿ ಅಪ್ಪನ ಮಧ್ಯಾಹ್ನದ ಊಟ ಶೆಡ್ಡಿನಲ್ಲಿಯೇ, ಮರದ ಪೆಟ್ಟಿಗೆಯೊಂದರ ಮೇಲೆ. ಅಪ್ಪನ ಕೈ ಎಷ್ಟು ತಿಕ್ಕಿದರೂ ಉಗುರಿನ ಸಂದು ಬೆಳ್ಳಗಾಗುತ್ತಿರಲಿಲ್ಲ. ಮೊದಲು ಸೀಮೆಎಣ್ಣೆ, ಆಮೇಲೆ ಬೂದಿ, ಆಮೇಲೆ ಅವ್ವ ಅರ್ಧಕ್ಕೆ ಕತ್ತರಿಸಿ ಕೊಟ್ಟ ಸಾಬೂನು. ಇಷ್ಟಾದ ಮೇಲೂ ಮೊಸರಿನ ಬಟ್ಟಲು ಹಿಡಿದರೆ ಅಂಚಿಗೊಂದು ಕಪ್ಪು ಗೆರೆ ಬೀಳುತ್ತಿತ್ತು. ಅವ್ವ ಬಟ್ಟಲು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ನಮ್ಮ ಮನ್ಯಾಗ ಮೊಸರನೂ ಕರ್ರಗ."

ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿಯ ತಾಟು ಹೊತ್ತು ಹೊಸ್ತಿಲು ದಾಟುವ ಕೆಲಸ ನನ್ನದು. ತಾಟು ಕೊಟ್ಟವಳು ಕೂಡಲೇ ತಿರುಗಿ ಬರಬೇಕೆಂದು ಯಾವ ಕಾಯಿದೆಯೂ ಇರಲಿಲ್ಲ. ಅಪ್ಪ ಉಣ್ಣುವಷ್ಟು ಹೊತ್ತು ನಿಂತೆ, ಆಮೇಲೆ ಉಂಡಾದ ಮೇಲೂ ನಿಂತೆ, ಆಮೇಲೆ ಕುಳಿತೆ. ಚನ್ನಪ್ಪ ಮಿಸ್ತ್ರಿಯ ಮಗಳು ನೀಲಾ ಹತ್ತು ವರ್ಷಕ್ಕೆಲ್ಲ ಪಾನಾದ ನಂಬರು ಮುಟ್ಟಿ ಹೇಳುತ್ತಾಳೆ ಎಂದು ಊರಲ್ಲಿ ಮಾತಾಯಿತು. ಅದು ಹೊಗಳಿಕೆಯೋ ಚಾಷ್ಟಿಯೋ ಎಂದು ನಾನು ಕೇಳಲು ಹೋಗಲಿಲ್ಲ, ನನಗೆ ಖುಷಿಯಾಗಿತ್ತು. ಅಪ್ಪ ಕಲಿಸುತ್ತೇನೆಂದು ಕುಳ್ಳಿರಿಸಿಕೊಂಡು ಕಲಿಸಿದವನಲ್ಲ. ಕೈ ಚಾಚುತ್ತಿದ್ದ, ಬೇಕಾದ ಪಾನಾ ಅವನ ಕೈಯಲ್ಲಿರಬೇಕಿತ್ತು. ತಪ್ಪು ಪಾನಾ ಕೊಟ್ಟರೆ ಮಾತಾಡದೆ ಕೆಳಗಿಟ್ಟು ಮತ್ತೆ ಕೈ ಚಾಚುತ್ತಿದ್ದ. ಆ ಎರಡನೆಯ ಸಲ ಚಾಚಿದ ಕೈಗೆ ನಾನು ಮಾಸ್ತರರ ಛಡಿಗಿಂತ ಹೆಚ್ಚು ಅಂಜುತ್ತಿದ್ದೆ.

ನಮ್ಮ ಮನೆಯಲ್ಲಿ ವರ್ಷದ ದೊಡ್ಡ ಕೆಲಸ ಮಹಾನವಮಿಯ ಮುಂಚಿನದು. ಒಳಗೆ ಅವ್ವ, ಆಯಿ ಇಬ್ಬರೂ ಸೆರಗು ಕಟ್ಟಿ ಮಾಡಿನ ಮಸಿ ಜಾಡಿಸುತ್ತಿದ್ದರು, ಕೌದಿ ಒಗೆಯುತ್ತಿದ್ದರು, ಹಂಚು ಪಾತ್ರೆಗಳ ಬೆನ್ನಿಗೆ ಕೂತ ಕರಿಯನ್ನು ಬೂದಿ ಹುಣಸೆಹಣ್ಣು ಹಚ್ಚಿ ಕೆರೆಯುತ್ತಿದ್ದರು. ಹೊರಗೆ ಅಪ್ಪನದೂ ಅದೇ ಕೆಲಸ. ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ಗಾಡಿ ಸ್ವಚ್ಛ ಇರಬೇಕು, ಹೊರಗಷ್ಟೇ ಅಲ್ಲ ಒಳಗೂ, ಎಂಬ ಪದ್ಧತಿಯನ್ನು ಅಪ್ಪ ತಾನೇ ಹುಟ್ಟಿಸಿದ್ದ. ಸುತ್ತಿನ ಹಳ್ಳಿಯ ಕಾರು ಜೀಪಿನವರೆಲ್ಲ ಆ ಹದಿನೈದು ದಿನದಲ್ಲಿ ಸಾಲಾಗಿ ಬರುತ್ತಿದ್ದರು. ಎಂಜಿನ್ನಿನ ತಲೆ ಬಿಚ್ಚಿ ಎತ್ತಿದರೆ ಒಳಗೆ ಪಿಸ್ಟನ್ನಿನ ನೆತ್ತಿಯ ಮೇಲೆ, ವಾಲ್ವಿನ ಸುತ್ತ, ಸುಟ್ಟ ಪೆಟ್ರೋಲಿನ ಮಸಿ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಅದೇ ಕಾರ್ಬನ್. ಅದನ್ನು ಕಬ್ಬಿಣದಿಂದ ಕೆರೆದರೆ ಪಿಸ್ಟನ್ನಿಗೆ ಗಾಯವಾಗುತ್ತದೆ. ಅಪ್ಪ ಬಿದಿರಿನ ಸೀಳು ಹದ ಮಾಡಿ, ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆಯುತ್ತಿದ್ದ. ಸಣ್ಣ ಸಂದುಗಳಿಗೆ ನನ್ನ ಬೆರಳೇ ಬೇಕು. ಒಳಗಿನ ಕೆರೆತದ ಸಪ್ಪಳವೂ ಹೊರಗಿನ ಕೆರೆತದ ಸಪ್ಪಳವೂ ಕೂಡಿ ಮನೆಯಲ್ಲಿ ಇಡೀ ದಿನ ಕರಕರ ಎನ್ನುತ್ತಿತ್ತು. ಕಪ್ಪಿನ ಕೆಳಗಿನಿಂದ ಬೆಳ್ಳನೆಯ ಲೋಹ ಮೂಡಿ ಬರುವಾಗ ನನಗಾಗುತ್ತಿದ್ದ ಸುಖವನ್ನು ಹೇಗೆ ಹೇಳಲಿ. ಇಂದಿಗೂ ಅಷ್ಟು ಸುಖ ಬೇರೆ ಯಾವುದರಲ್ಲಿಯೂ ಸಿಕ್ಕಿಲ್ಲ.

ಹದಿನಾಲ್ಕನೆಯ ವರ್ಷ ಆ ಸುಖಕ್ಕೆ ಕುತ್ತು ಬಂತು. ನಾನು ದೊಡ್ಡವಳಾದೆ. ಐದು ದಿನ ಕೂಡ್ರಿಸಿದರು, ಸೀರೆ ಉಡಿಸಿದರು, ಉಡಿ ತುಂಬಿದರು, ಎಲ್ಲ ಮುಗಿದು ನಾನು ತಾಟು ಹಿಡಿದು ಹೊಸ್ತಿಲ ಹತ್ತಿರ ಹೋದರೆ ಆಯಿ ಅಡ್ಡ ಕುಳಿತಿದ್ದಳು. ತಾಟನ್ನು ನನ್ನ ಕೈಯಿಂದ ತೆಗೆದುಕೊಂಡು ಅವ್ವನ ಕೈಗೆ ಕೊಟ್ಟಳು.

"ಇನ್ನ ಸಾಕವಾ. ಹಾದ್ಯಾಗ ಹೋಗೋರೆಲ್ಲ ನೋಡ್ತಾರ. ಗಾಡಿ ಬುಡಕ ನುಸಿಯೋ ಹುಡುಗೀನ ಯಾರು ಕೇಳಾಕ ಬರ್ತಾರ?"

"ನಾ ಕೆರಿಯಾಕಷ್ಟ ಕುಂದರ್ತೇನಾಯಿ. ಬುಡಕ ನುಸಿಯಂಗಿಲ್ಲ."

"ಕುಂತ್ರೂ ಅಷ್ಟ, ನುಸಿದ್ರೂ ಅಷ್ಟ. ನೋಡೋರ ಕಣ್ಣಿಗೆ ಎರಡೂ ಒಂದ."

ನಾನು ಎರಡು ದಿನ ಉಣ್ಣಲಿಲ್ಲ. ಅವ್ವ ಬೈದಳು, ಆಯಿ ಬೈಯಲೂ ಇಲ್ಲ, ಅದು ಇನ್ನೂ ಕಷ್ಟ. ಆಯಿ ಕೆಟ್ಟವಳೆಂದು ನಾನು ಆಗಲೂ ಅಂದುಕೊಳ್ಳಲಿಲ್ಲ. ಅವಳ ಅಂಜಿಕೆ ನಿಜವಾದದ್ದು, ರಸ್ತೆಯ ಮೇಲೆ ನಿಂತು ನೋಡುವ ಕಣ್ಣುಗಳೂ ನಿಜ. ಮೂರನೆಯ ದಿನ ಅಪ್ಪ ಹೊಸ್ತಿಲ ಆಚೆ ನಿಂತು ನಡುಹಾದಿಯ ತೀರ್ಮಾನವೊಂದನ್ನು ಹೇಳಿದ.

"ಮಾನೋಮಿ ತನಕ ಇರ್ಲಿ ಬಿಡವ್ವಾ. ಕೆಲಸ ಭಾಳ ಐತಿ. ಆಮ್ಯಾಲೆ ನೀ ಹೇಳಿದಂಗ."

ಹಬ್ಬಕ್ಕೆ ಮೂರು ವಾರ ಇತ್ತು. ಮೂರು ವಾರದಲ್ಲಿ ಆಯಿಯ ಮನಸ್ಸು ತಿರುಗಿಸುವ ದಾರಿ ಹುಡುಕುತ್ತ ನಾನು ರಾತ್ರಿ ಹಗಲು ಒಂದೇ ಮಾಡಿದೆ. ಅಷ್ಟರಲ್ಲಿ ಸವಣೂರಿನಿಂದ ಮಾವ ಬಂದ. ಅವ್ವನ ತಮ್ಮ. ಮೋಟಾರು ಸಾಮಾನಿನ ಅಂಗಡಿಗಳಿಗೆ ಮಾಲು ಹಾಕುತ್ತ ಊರೂರು ತಿರುಗುವ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಸವಣೂರಿನ ಎಲೆ. ಚೀಲದಿಂದ ನನಗೆಂದು ತಿನ್ನಲು ಸವಣೂರಿನ ಖಾರ ತೆಗೆದ, ಅಪ್ಪನಿಗೆಂದು ನಾಲ್ಕು ಬಾಟಲಿ ತೆಗೆದ. ಕೆಂಪು ಮುಚ್ಚಳ, ಮೈಮೇಲೆ ಹೊಳೆಯುವ ಎಂಜಿನ್ನಿನ ಚಿತ್ರ, ಸುತ್ತ ಇಂಗ್ಲಿಷು. ಇದನ್ನು ಪೆಟ್ರೋಲಿಗೆ ಬೆರೆಸಿದರೆ ಕಾರ್ಬನ್ ತಾನೇ ಕರಗಿ, ಸುಟ್ಟು, ಹೊಗೆಯಾಗಿ ಹೋಗುತ್ತದೆ ಎಂದ. ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ನಡೆದ ಜಗಳ ನನಗೆ ಮಾತುಮಾತೂ ನೆನಪಿದೆ.

"ಬಿಚ್ಚಂಗಿಲ್ಲ, ಕೆರಿಯಂಗಿಲ್ಲ, ಕೈ ಹೊಲಸ ಮಾಡ್ಕೊಳ್ಳಂಗಿಲ್ಲ. ಸುರುವಿ ಕಳಸೂದು ಅಷ್ಟ, ಮಿಸ್ತ್ರಿ ಸಾಹೇಬ್ರ."

"ಕಣ್ಣಿಗೆ ಕಾಣದ್ದನ್ನ ಸ್ವಚ್ಛ ಆತು ಅಂತ ಗಿರಾಕಿಗೆ ಹ್ಯಾಂಗ ಹೇಳ್ಲಿ?" ಎಂದ ಅಪ್ಪ.

"ನೀವು ಬಿಚ್ಚಿದ್ದನ್ನ ಗಿರಾಕಿ ಬಂದು ನೋಡ್ತಾನೇನ್ರಿ?"

"ನಾ ನೋಡ್ತೇನಲ್ಲ."

ಅವ್ವ ತಮ್ಮನ ಪರವಾಗಿ ಬಂದಳು. ಅಪ್ಪನ ಬಲಭುಜ ಆ ವರ್ಷ ಬಹಳ ನೋಯುತ್ತಿತ್ತು, ದಿನಾ ಸಂಜೆ ಬಿಸಿ ಉಪ್ಪಿನ ಗಂಟಿನಿಂದ ಕಾಸುತ್ತಿದ್ದವಳು ಅವಳೇ. "ಒಂದ್ ಗಾಡಿಗಾದ್ರೂ ಹಾಕಿ ನೋಡ್ರಲ್ಲ, ಅವ ಏನ್ ವಿಷ ತಂದಾನೇನು," ಎಂದಳು. ಅಪ್ಪ ತಾಟಿನಲ್ಲಿಯೇ ಕೈ ತೊಳೆದು ಎದ್ದ. ಮಾವ ಮರುದಿನ ಬಾಟಲಿಗಳನ್ನು ಬಿಟ್ಟು ಹೋದ. ಅಪ್ಪ ಅವನ್ನು ಶೆಡ್ಡಿನ ಗೋಡೆಯ ಮಾಡದಲ್ಲಿ, ಮುರಿದ ಹೆಡ್‌ಲೈಟುಗಳ ಹಿಂದೆ ಇಟ್ಟ. ನನಗೆ ಮಾತ್ರ ದಾರಿ ಸಿಕ್ಕಿಬಿಟ್ಟಿತ್ತು. ಆಯಿಯ ತಕರಾರು ಇರುವುದು ಗಾಡಿಯ ಬುಡಕ್ಕೆ ನುಸಿಯುವುದಕ್ಕೆ, ಮೈಕೈ ಕಪ್ಪು ಮಾಡಿಕೊಂಡು ರಸ್ತೆಗೆದುರು ಕೂಡುವುದಕ್ಕೆ. ಬಾಟಲಿ ಸುರುವುವುದಕ್ಕೆ ಎರಡು ನಿಮಿಷ ಸಾಕು, ದೀಪಕ್ಕೆ ಎಣ್ಣೆ ಹಾಕಿದಷ್ಟೇ ಕೆಲಸ. ಇದು ನಡೆದರೆ ಆಯಿಗೆ ಆಡಲು ಮಾತೇ ಇರುವುದಿಲ್ಲ, ನಾನು ಗ್ಯಾರೇಜು ಬಿಡುವುದೂ ಬೇಡ, ಅಪ್ಪನ ಭುಜಕ್ಕೂ ಆರಾಮ. ಹದಿನಾಲ್ಕರ ಬುದ್ಧಿಗೆ ಇದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ.

ಎಂಟು ದಿನದ ಮೇಲೆ ಅಪ್ಪ ಸಾಮಾನು ತರಲು ರಾಣೆಬೆನ್ನೂರಿಗೆ ಹೋದ ಹೊತ್ತಿಗೆ ಅಬಲೂರಿನ ಗೌಡರ ಅಂಬಾಸಿಡರ್ ಬಂತು. ಗೌಡರು ತೀರಿಹೋಗಿ ಬಹಳ ವರ್ಷವಾಗಿತ್ತು, ಮನೆತನ ಹೊಲ ಗಾಡಿ ಎಲ್ಲವನ್ನೂ ನಡೆಸುತ್ತಿದ್ದವರು ಅವರ ಹೆಂಡತಿ ಗೌಡಸಾನಿ. ಕಾರು ನಡೆಸುತ್ತಿದ್ದವನು ಫಕ್ಕೀರಪ್ಪ. ಅವನು ಕೀಲಿ ತೆಗೆದು ಇಳಿದು ನನ್ನ ಹತ್ತಿರ ಬಂದರೂ ಎಂಜಿನ್ ಹಿಂದೆ ಒಂದೇ ಸಮನೆ ಕೆಮ್ಮುತ್ತಿತ್ತು. ಒಳಗೆ ಕಾರ್ಬನ್ ಕೆಂಡದ ಹಾಗೆ ಕಾದು ಕೂತಿದ್ದರೆ ಹೀಗಾಗುತ್ತದೆ. ಕೀಲಿ ತೆಗೆದರೂ ಪೆಟ್ರೋಲು ಅದಕ್ಕೆ ತಗುಲಿ ಉರಿಯುತ್ತಲೇ ಇರುತ್ತದೆ.

"ಮಿಸ್ತ್ರಿ ಇಲ್ಲೇನವಾ? ನೋಡಿಲ್ಲಿ, ನಿಂದ್ರು ಅಂದ್ರೂ ನಿಂದ್ರವಲ್ದು. ಏರಿನ್ಯಾಗ ಬ್ಯಾರೆ ಟಕಟಕ ಬಡೀತೈತಿ."

"ಕಾರ್ಬನ್ ಆಗೇತ್ರಿ ಕಾಕಾ. ಬಿಚ್ಚಾಕ ಎರಡ್ ದಿನ ಬೇಕ್ರಿ."

"ಎರಡ್ ದಿನ ಎಲ್ಲಿಂದ ತರ್ಲಿ? ನಾಳೆ ಮುಂಜಾನೆ ಹಿರೇಬೆಂಡಿಗೇರಿಗೆ ಹೊಂಡಬೇಕು. ಗೌಡಸಾನ್ಯಾರು ಸೊಸೀನ್ನ, ಕೂಸಿನ್ನ ಕರ್ಕೊಂಡ ಬರಾಕತ್ತಾರ. ಈಗರ ಐದ್ ಲೀಟರ್ ಹಾಕಿಸ್ಕೊಂಡ ಬಂದೇನಿ."

ಐದು ಲೀಟರ್ ಎಂಬ ಮಾತು ನನ್ನ ಕಿವಿಗೆ ಬಿತ್ತು, ಬಿದ್ದು ಹಾಗೆಯೇ ಹೋಯಿತು. ನಮ್ಮ ಕಡೆ ಟ್ಯಾಂಕು ತುಂಬಿಸುವ ಪದ್ಧತಿಯೇ ಇರಲಿಲ್ಲ. ಗೌಡರಿರಲಿ, ಹತ್ತಿ ವ್ಯಾಪಾರಿಯಿರಲಿ, ಹೋಗುವಾಗ ಐದು ಲೀಟರು, ಹಾನಗಲ್ಲಿನಲ್ಲಿ ಐದು, ಶಿಗ್ಗಾಂವಿಯಲ್ಲಿ ಐದು. ತುಂಬಿದ ಟ್ಯಾಂಕಿನಿಂದ ಡ್ರೈವರುಗಳು ಪೆಟ್ರೋಲು ಕದಿಯುತ್ತಾರೆಂದು ಮಾಲಕರಿಗೆ ಅನುಮಾನ, ತುಂಬಿ ನಿಂತ ಪೆಟ್ರೋಲು ಆರಿಹೋಗುತ್ತದೆಂದು ಡ್ರೈವರುಗಳ ನಂಬಿಕೆ. ಇಪ್ಪತ್ತು ವರ್ಷದ ಆ ಟ್ಯಾಂಕು ಒಮ್ಮೆಯೂ ಕಂಠಮಟ ತುಂಬಿದ್ದಿಲ್ಲ. ತುಂಬದ ಟ್ಯಾಂಕಿನ ಗೋಡೆಗೆ ತುಕ್ಕು, ತಳಕ್ಕೆ ಅಂಟು. ಬಿಚ್ಚದೆಯೇ ಆಗುವ ಔಷಧವಿದೆ ಎಂದು ಫಕ್ಕೀರಪ್ಪನಿಗೆ ಹೇಳಿ ನಾನು ಮಾಡದಿಂದ ಬಾಟಲಿ ತೆಗೆದು ಅದರ ಇಂಗ್ಲಿಷನ್ನು ಎರಡು ಸಲ ಓದಿದೆ. ತುಂಬಿದ ಟ್ಯಾಂಕಿಗೆ ಒಂದು ಬಾಟಲಿ ಎಂದು ಚೊಕ್ಕವಾಗಿ ಬರೆದಿತ್ತು. ಇಂಗ್ಲಿಷು ನನಗೆ ತಿಳಿಯಿತು. ತಿಳಿದೂ ಇಡೀ ಬಾಟಲಿ ಸುರುವಿದೆ. ತಲೆಗೆ ಎಣ್ಣೆ ಹೆಚ್ಚಾದಾಗ ಅವ್ವ ಸೀಗೆಪುಡಿ ಒಂದು ಮುಷ್ಟಿ ಹೆಚ್ಚು ಹಾಕುತ್ತಿದ್ದಳಲ್ಲ, ಹಾಗೆಯೇ ಇದೂ, ಹೆಚ್ಚಾದಷ್ಟೂ ಬೇಗ ಸ್ವಚ್ಛ ಎಂದುಕೊಂಡೆ. ಅತಿಯಾದರೆ ಅಮೃತವೂ ವಿಷ ಎಂದು ಶಾಲೆಯ ಗೋಡೆಯ ಮೇಲೆ ಬರೆದದ್ದನ್ನು ನಾನೇ ದಿನಾ ಓದುತ್ತಿದ್ದೆ. ಫಕ್ಕೀರಪ್ಪ ಒಂದು ಸುತ್ತು ಓಡಿಸಿ ಬಂದು ಗಾಡಿ ಹಗುರಾಗಿದೆ ಎಂದ. ಔಷಧದಿಂದ ಹಗುರಾಯಿತೋ, ಆಗಬೇಕೆಂಬ ಆಸೆಯಿಂದಲೋ, ನಾನು ನಂಬಿದೆ. ಸಂಜೆ ಅಪ್ಪ ಬಂದಾಗ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಹಾನಗಲ್ಲಿನಿಂದ ಬಂದ ಸರಕಾರಿ ಬಸ್ಸು ನಮ್ಮ ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತಿತು. ಕಂಡಕ್ಟರು ಕಿಟಕಿಯಿಂದಲೇ ಕೂಗಿ ಹೇಳಿದ.

"ಮಿಸ್ತ್ರಿ, ಅಬಲೂರ ಗೌಡಸಾನ್ಯಾರ ಕಾರು ಹಾನಗಲ್ ದಾಟಿ ಬಂದ್ ಬಿದ್ದೈತಿ. ಬಾಣಂತಿ ಅದಾಳ, ಲಗೂ ಬರಾಕ ಹೇಳ್ಯಾರ."

ಅಪ್ಪ ಪಾನಾದ ಚೀಲ ಕಟ್ಟಿದ, ಒಂದು ಡಬ್ಬಿ ಪೆಟ್ರೋಲು ತುಂಬಿದ. ಮೋಟಾರ್ ಸೈಕಲ್ಲಿನ ಹಿಂದೆ ಆ ಡಬ್ಬಿ ಹಿಡಿದು ಕೂಡ್ರಲು ಒಬ್ಬರು ಬೇಕಿತ್ತು. ನಾನು ಹೋಗಿ ಕುಳಿತೇಬಿಟ್ಟೆ. ಆಯಿ ಒಳಗಿನಿಂದ ಏನೋ ಅಂದದ್ದು ಗಾಡಿಯ ಸಪ್ಪಳದಲ್ಲಿ ಮುಚ್ಚಿಹೋಯಿತು. ದಾರಿಯುದ್ದಕ್ಕೂ ಅಪ್ಪನ ಬೆನ್ನಿಗೆ ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಎರಡೂ ಕಡೆ ಗೋವಿನಜೋಳ ಎದೆಮಟ್ಟ ನಿಂತಿತ್ತು. ಅಪ್ಪ ಒಮ್ಮೆ ಮಾತ್ರ ಕುತ್ತಿಗೆ ಹೊರಳಿಸಿ, ಡಬ್ಬಿ ಗಟ್ಟಿ ಹಿಡಿ ಎಂದ.

ಕಾರು ಜಾಲಿಗಿಡದ ಅರೆನೆರಳಿನಲ್ಲಿ ನಿಂತಿತ್ತು. ಮೇಲಿನ ಕ್ಯಾರಿಯರಿಗೆ ತವರಿನಿಂದ ಕೊಟ್ಟ ತೊಟ್ಟಿಲು ಕಟ್ಟಿದ್ದರು. ಒಳಗೆ ಸೊಸೆ, ಅವಳ ಮಡಿಲಲ್ಲಿ ಕುಂಚಿಗೆ ಕಟ್ಟಿದ ಕೂಸು, ಸೆಕೆಗೆ ಕೆಂಪಾಗಿ ಅಳುತ್ತಿತ್ತು. ಗೌಡಸಾನಿ ಹೊರಗೆ ನಿಂತು ಸೂರ್ಯನನ್ನು ನೋಡುತ್ತಿದ್ದರು. ಮೊದಲ ಸಲ ಮನೆಗೆ ಬರುವ ಕೂಸು ದೀಪ ಹಚ್ಚುವುದರೊಳಗೆ ಹೊಸ್ತಿಲು ದಾಟಬೇಕು, ಅದು ಅವರ ಮನೆತನದ ಕಟ್ಟು. ಅಬಲೂರಿನಲ್ಲಿ ಆರತಿ ಹಿಡಿದು ಕಾಯುತ್ತಿದ್ದರು. ಅಪ್ಪ ಬಾನೆಟ್ಟು ಎತ್ತಿದ. ಎಂಜಿನ್ನಿನ ಪಕ್ಕಕ್ಕೆ ಪೆಟ್ರೋಲು ಸೋಸುವ ಸಣ್ಣ ಗಾಜಿನ ಬಟ್ಟಲೊಂದು ಇರುತ್ತದೆ. ಅದರಲ್ಲಿ ಪೆಟ್ರೋಲು ಕರಿ ಚಹಾದಂತೆ ಕಾಣುತ್ತಿತ್ತು, ತಳದಲ್ಲಿ ಬೆರಳಗಲ ರಾಡಿ. ಅಪ್ಪ ಬಟ್ಟಲು ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಒಂದು ಗಳಿಗೆ ಹಿಡಿದೇ ಇದ್ದ. ಆ ವಾಸನೆ ಮಾವನ ಬಾಟಲಿಯದು. ಅಪ್ಪ ನನ್ನ ಕಡೆ ನೋಡಲಿಲ್ಲ.

"ಏನಾಗೇತ್ರಿ ಮಿಸ್ತ್ರಿ?" ಎಂದರು ಗೌಡಸಾನಿ.

ಅಪ್ಪ ಬಾಯಿ ತೆರೆಯುವುದರೊಳಗೆ ಫಕ್ಕೀರಪ್ಪ ನಡುವೆ ಬಂದ. ಬಾಟಲಿ ಹಾಕಿಸಿಕೊಂಡದ್ದು ಗೊತ್ತಾದರೆ ಅವನಿಗೂ ಬೈಗಳು ತಪ್ಪುತ್ತಿರಲಿಲ್ಲ.

"ಬಂಕಿನ್ಯಾಗ ಕಸ ಹಾಕ್ಯಾರ್ರಿ ಯವ್ವಾ. ಎಲ್ಲಾ ಕಡೆ ಹಿಂಗ ಮಾಡಾಕತ್ತಾರ."

ಗೌಡಸಾನಿ ಅಪ್ಪನ ಮುಖ ನೋಡಿದರು. ಅಪ್ಪ ಬಟ್ಟಲನ್ನು ಅತ್ತಿತ್ತ ಹೊರಳಿಸಿದ.

"ಪೆಟ್ರೋಲಿನ್ಯಾಗ ಕಸ ಐತ್ರಿ," ಎಂದ.

ಅದು ಸುಳ್ಳಲ್ಲ. ಸತ್ಯವೂ ಅಲ್ಲ. ಸುತ್ತಿನ ನಾಲ್ಕೂ ತಾಲೂಕಿನ ಮಿಸ್ತ್ರಿಗಳಿಗೆ ಬಂಕು ಎಂದರೆ ಬೇಕಾದಾಗ ಹೊರೆ ಹೊರಿಸಲು ಕಟ್ಟಿಟ್ಟ ಕತ್ತೆ. ಅಪ್ಪ ಮಾತ್ರ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನನ್ನು ಉಳಿಸಲು ಹೇಳಿದ. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ, ಹಬ್ಬದವರೆಗಾದರೂ. ಮಾತಾಡಿದರೆ ಅವತ್ತೇ ನನ್ನ ಗ್ಯಾರೇಜು ಮುಗಿಯಿತು, ಆಯಿಗೆ ಬೇರೆ ಕಾರಣವೇ ಬೇಡ. ಇದೆಲ್ಲ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಬಟ್ಟಲು ಹಿಡಿದ ಅಪ್ಪನ ಕೈ ನೋಡಿದೆ. ಕಣ್ಣಿಗೆ ಕಾಣದ್ದನ್ನು ಹ್ಯಾಂಗ ಹೇಳಲಿ ಎಂದಿದ್ದ ಮನುಷ್ಯ ಕಣ್ಣಿಗೆ ಕಂಡದ್ದನ್ನು ಮುಚ್ಚುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಕಸ ಮೊದಲಿಂದನೂ ಟಾಕ್ಯಾಗ ಇತ್ರಿ. ಅದನ್ನ ಎಬ್ಬಿಸಿದಾಕಿ ನಾನು. ಐವತ್ತು ಲೀಟರಿಗೆ ಹಾಕೋ ಔಷಧಾನ ಐದ್ ಲೀಟರಿಗೆ ಹಾಕೇನ್ರಿ."

ಫಕ್ಕೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಗೌಡಸಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ್ನ ಕೇಳಿ ಹಾಕಿದಿ?"

"ಯಾರ್ನೂ ಕೇಳಿಲ್ರಿ."

"ನಿಮ್ಮಪ್ಪಗೂ ಹೇಳಿದ್ದಿಲ್ಲ?"

"ಇಲ್ರಿ. ಈಗ ಗೊತ್ತಾತ್ರಿ ಅವಗ."

ಕೂಸು ಅಳುತ್ತಲೇ ಇತ್ತು. ಗೌಡಸಾನಿ ಮತ್ತೊಮ್ಮೆ ಸೂರ್ಯನನ್ನು ನೋಡಿ, ಚಾಲೂ ಆಗುತ್ತದೆಯೋ ಇಲ್ಲವೋ ಅಷ್ಟು ಹೇಳು ಎಂದರು. ಆಗುತ್ತದೆ ಎಂದೆ. ಯಾರು ಮಾಡುವವರು ಎಂದರು. ನಾನು ಅಪ್ಪನನ್ನು ನೋಡಿದೆ. ಅಪ್ಪ ಪಾನಾದ ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು ಹಿಂದೆ ಸರಿದ.

"ಆಕೀನ ಮಾಡ್ತಾಳ್ರಿ," ಎಂದ.

ಮುಂದಿನ ಮುಕ್ಕಾಲು ತಾಸು ನನ್ನ ಆಯುಷ್ಯದಲ್ಲಿಯೇ ಉದ್ದದ್ದು. ಕಾರಿನ ಬುಡಕ್ಕೆ ನುಸಿದು ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಇದ್ದಬದ್ದ ರಾಡಿಯನ್ನೆಲ್ಲ ಹರಿಸಿದೆ. ಅಪ್ಪ ತಂದ ಪೆಟ್ರೋಲಿನಲ್ಲಿ ಒಂದಿಷ್ಟು ಸುರಿದು ತೊಳೆದೆ, ಮತ್ತೆ ಹರಿಸಿದೆ. ಸೋಸಲು ಅರಿವೆ ಬೇಕಿತ್ತು. ಗೌಡಸಾನಿ ಕೂಸಿನ ಗಂಟಿನಿಂದ ಹಳೆಯ ಮೆತ್ತನೆಯ ಅರಿವೆಯೊಂದನ್ನು ಎಳೆದು ಕೊಟ್ಟರು. ಕಾರ್ಬುರೇಟರ್ ಬಿಚ್ಚಿ, ಸೂಜಿಮೊನೆಯಷ್ಟು ತೂತಿನ ಜೆಟ್ಟನ್ನು ತುಟಿಗಿಟ್ಟು ಊದಿದೆ. ಬಾಯೆಲ್ಲ ಪೆಟ್ರೋಲು. ಮೂರನೆಯ ಸಲ ಊದಿದಾಗ ತೂತಿನಿಂದ ಬೆಳಕು ಕಂಡಿತು. ಅಪ್ಪ ಪಕ್ಕದಲ್ಲಿ ನಿಂತೇ ಇದ್ದ, ಒಮ್ಮೆಯೂ ಕೈ ಹಾಕಲಿಲ್ಲ. ಕೀಲಿ ತಿರುಗಿಸಿದಾಗ ಕಾರು ಎರಡು ಸಲ ಗೊರಗುಟ್ಟಿ ಹಿಡಿದುಕೊಂಡಿತು. ಗೌಡಸಾನಿ ಹತ್ತಿ ಕುಳಿತರು, ಭೇಷ್ ಎನ್ನಲಿಲ್ಲ, ಬೈಯಲಿಲ್ಲ, ಬಾಗಿಲು ಹಾಕಿಕೊಂಡರು. ಆಮೇಲೆ ಕೇಳಿದೆ, ಅವರು ಹೊಸ್ತಿಲು ದಾಟಿದಾಗ ದೀಪ ಇನ್ನೂ ಹಚ್ಚಿರಲಿಲ್ಲವಂತೆ.

ತಿರುಗಿ ಬರುವಾಗ, ಊರು ಕಂಡ ಮೇಲೆ, ಅಪ್ಪ ಕೇಳಿದ.

"ನಾ ಮುಚ್ಚಿದ್ನಲ್ಲ. ಯಾಕ ತಗದಿ?"

"ನೀ ಮುಚ್ಚೂದು ಚೊಲೋ ಕಾಣ್ಲಿಲ್ಲಪಾ."

ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಮನೆಗೆ ಬಂದು, ಹೊಸ್ತಿಲ ಆಚೆ ನಿಂತು, ಅವ್ವನಿಗೆ ಆಯಿಗೆ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. ತಾನು ಕಸ ಎಂದದ್ದನ್ನೂ ಹೇಳಿದ. ಅವ್ವ ನನ್ನ ಬೆನ್ನಿಗೆ ಎರಡು ಗುದ್ದಿದಳು, ಗುದ್ದಿ ತಾನೇ ಅತ್ತಳು. ಆಯಿ ಜಪದ ಸರ ಕೆಳಗಿಡಲಿಲ್ಲ.

"ಇನ್ನ ಮಾನೋಮಿ ತನಕ ಯಾಕ? ಇವತ್ತಿಗೇ ಮುಗೀತು."

ಅಪ್ಪ ಇಲ್ಲವೆನ್ನಲಿಲ್ಲ. ನಾನೂ ಎದುರಾಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೇ ನಾನು ಹೇಳಿಕೊಂಡು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಪೆಟ್ರೋಲಿನ ರುಚಿ ಮರುದಿನವೂ ಹೋಗಲಿಲ್ಲ. ಅಳು ಬಂದಿದ್ದರೆ ಅಳುತ್ತಿದ್ದೆ. ನನಗೆ ಬಂದದ್ದು ಬೇರೆಯೇ, ಒಂದು ಬಗೆಯ ಧೈರ್ಯ. ಕಾರು ನಿಲ್ಲಿಸಿದ್ದೂ ನಾನೇ, ನಡೆಸಿದ್ದೂ ನಾನೇ, ಎರಡನ್ನೂ ಎಲ್ಲರ ಮುಂದೆ ಹೇಳಿದ್ದೂ ನಾನೇ. ಗ್ಯಾರೇಜು ಹೋದರೂ ಇದನ್ನು ಯಾರೂ ನನ್ನಿಂದ ಕಸಿದುಕೊಳ್ಳಲಾರರು ಎನ್ನಿಸಿತು.

ಎರಡನೆಯ ದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕೌದಿ ಮಡಚುತ್ತಿದ್ದಾಗ ಶೆಡ್ಡಿನ ಮುಂದೆ ಅಂಬಾಸಿಡರ್ ಬಂದು ನಿಂತಿತು, ಕೀಲಿ ತೆಗೆದ ಮೇಲೂ ಕೆಮ್ಮಿತು. ಕಾರ್ಬನ್ ಇದ್ದಲ್ಲಿಯೇ ಇತ್ತು. ಫಕ್ಕೀರಪ್ಪ ಹೊಸ್ತಿಲವರೆಗೂ ಬಂದು ಒಳಗೆ ಕೇಳುವಂತೆ ಹೇಳಿದ.

"ತಲಿ ಬಿಚ್ಚಿ ಪೂರಾ ಕೆರದು ಕೊಡಬೇಕಂತ್ರಿ ಮಿಸ್ತ್ರಿ. ಆ ಹುಡುಗೀ ಕೈಲೇ ಆಗ್ಬೇಕಂತ. ಮುಚ್ಚಿಡಾಕ ಬರಂಗಿಲ್ಲ ಆಕಿಗೆ, ನನ್ನ ಗಾಡಿಗೆ ಆಕೀನ ಬೇಕು ಅಂದ್ರು ಗೌಡಸಾನ್ಯಾರು."

ಅಪ್ಪ ಆಯಿಯ ಕಡೆ ನೋಡಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಕೌದಿಯ ಮೂಲೆ ಹಿಡಿದುಕೊಂಡು ನಿಂತೆ, ಬೇಕು ಎಂದು ಕೇಳುವ ಹಕ್ಕು ನನಗೆ ಉಳಿದಿರಲಿಲ್ಲ. ಆಯಿ ಎದ್ದು ಒಳಗೆ ಹೋದಳು. ನನ್ನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ತೊಗರಿಬೇಳೆಯ ಮೊರ ಹಿಡಿದು ಬಂದಳು, ಹೊಸ್ತಿಲು ದಾಟಿದಳು. ನಾನು ಕಂಡಂತೆ ಅವಳು ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಅಪ್ಪ ಉಣ್ಣುತ್ತಿದ್ದ ಪೆಟ್ಟಿಗೆಯನ್ನು ಕಾಲಿನಿಂದ ನೂಕುತ್ತ ನೂಕುತ್ತ ರಸ್ತೆಯ ಅಂಚಿಗೆ ಒಯ್ದಳು, ಕಾರಿಗೂ ರಸ್ತೆಗೂ ನಡುವೆ ಇಟ್ಟುಕೊಂಡು ರಸ್ತೆಗೆ ಮುಖ ಮಾಡಿ ಕುಳಿತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮೊರ ಮಡಿಲಿಗಿಟ್ಟು, ಬೇಳೆಯಲ್ಲಿ ಹರಳು ಹುಡುಕತೊಡಗಿದಳು. ನನ್ನ ಕಡೆ ತಿರುಗಲಿಲ್ಲ.

"ನೋಡೋರು ನನ್ನ ನೋಡ್ಲಿ," ಎಂದಳು. "ನೀ ಕೆರಿ."